ಸಂಸಾರಸ್ಥರಿಗೆ ಮಾತ್ರ

ನಮ್ಮ ಓನರಮ್ಮನ ಕಟ್ಟಡದಲ್ಲಿ ಒಂಟಿ ಗಂಡಸರಿಗೆ ಪ್ರವೇಶವಿಲ್ಲ. ಮನೆ ಖಾಲಿಯಾದಾಗ ಗೇಟಿಗೆ ತೂಗುಹಾಕುವ ಬೋರ್ಡಿನಲ್ಲಿ ‘ಬಾಡಿಗೆಗೆ ಇದೆ’ ಎಂಬುದು ಸಣ್ಣ ಅಕ್ಷರದಲ್ಲಿಯೂ ‘ಸಂಸಾರಸ್ಥರಿಗೆ ಮಾತ್ರ’ ಎಂಬುದು ದಪ್ಪ ಅಕ್ಷರದಲ್ಲಿಯೂ ಇರುತ್ತದೆ. ಒಂಟಿ ಗಂಡಸರು ಜೋರಾಗಿ ಹಾಡು ಹಾಕುತ್ತಾರೆ, ನಲ್ಲಿ ತಿರುಗಿಸಿ ಮರೆಯುತ್ತಾರೆ, ಕಂಡಕಂಡಲ್ಲಿ ಮೊಳೆ ಹೊಡೆಯುತ್ತಾರೆ ಎಂಬುದು ಆಕೆಯ ಸಿದ್ಧಾಂತ. ಆಕೆಯ ಯಜಮಾನರು ಮದುವೆಯಾದ ಮೇಲೂ ಈ ಮೂರನ್ನೂ ತಪ್ಪದೆ ಮಾಡುತ್ತಾ ಬಂದಿದ್ದಾರೆ. ಆದರೆ ಬಾಡಿಗೆದಾರರಾದ ನಾವು ಸಿದ್ಧಾಂತದ ತಂಟೆಗೆ ಹೋಗುವವರಲ್ಲ.

ಮಹಡಿಯ ಮೇಲಿನ ಮನೆ ಖಾಲಿಯಾದಾಗ ಅದನ್ನು ನೋಡಲು ಬಂದವನು ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡಿದ್ದ. ಪೇಟೆಯ ಕರ್ಟನ್ ಅಂಗಡಿಯಲ್ಲಿ ಅವನ ಕೆಲಸ. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆದು, ಬಟ್ಟೆ ತೋರಿಸಿ, ಹೊಲಿಸಿ, ತೂಗುಹಾಕಿ ಬರುವವನು. ನಾವೆಲ್ಲ ಅವನನ್ನು ‘ಕರ್ಟನ್’ ಎಂದೇ ಕರೆಯುತ್ತಿದ್ದೆವು. ಅವನು ಮನೆಯೊಳಗೆ ಬಂದವನೇ ಮಾತಾಡುವ ಮೊದಲು ನಡುಮನೆಯ ಕಿಟಕಿಯನ್ನು ಕಣ್ಣಲ್ಲೇ ಅಳೆದ.

“ಮದುವೆ ಆಗಿದ್ಯೇನಪ್ಪಾ?” ಎಂದರು ಓನರಮ್ಮ.

“ಆಗಿದೆ ಅಮ್ಮ.”

“ಹೆಂಡತಿ?”

“ಇದ್ದಾಳೆ ಅಮ್ಮ.”

ಎಲ್ಲಿ ಎಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಓನರಮ್ಮ ಕೇಳಲಿಲ್ಲ. ಕಿಟಕಿಗೆ ಯಾವ ಬಣ್ಣದ ಪರದೆ ಒಪ್ಪುತ್ತದೆಂದು ಯೋಚಿಸುವ ಗಂಡಸು ಸಂಸಾರಸ್ಥನಲ್ಲದೆ ಇನ್ನೇನು ಎಂದುಕೊಂಡು ಬೀಗದ ಕೈ ಕೊಟ್ಟುಬಿಟ್ಟರು.

ನಿಜ ಏನೆಂಬುದು ನಮಗೆ ಆಮೇಲೆ ಗೊತ್ತಾಯಿತು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಕರ್ಟನ್‌ನ ಹೆಂಡತಿ ದೂರದೇಶದ ಒಂದು ಆಸ್ಪತ್ರೆಯಲ್ಲಿ ನರ್ಸು. ರಜೆ ಹಾಕಿ ಬಂದು ಮದುವೆಯಾಗಿ, ರಜೆ ಮುಗಿದ ಕೂಡಲೇ ವಿಮಾನ ಹತ್ತಿದ್ದಳು. ಗಂಡನಿಗೆ ಅಲ್ಲಿಗೆ ಹೋಗಲು ವೀಸಾ ಬೇಕು. ಅದಕ್ಕೆ ಅರ್ಜಿ ಹಾಕಿಯಾಗಿತ್ತು, ಅದು ಬರುತ್ತಾ ಇತ್ತು, ಬರುತ್ತಲೇ ಇತ್ತು. ಯಾವಾಗ ಕೇಳಿದರೂ ವೀಸಾ ಏಜೆಂಟು “ಪ್ರೋಸೆಸ್‌ನಲ್ಲಿದೆ ಸಾರ್” ಎನ್ನುತ್ತಿದ್ದ. ಅವನೇ ಒಂದು ದಿನ ಉಪದೇಶ ಕೊಟ್ಟಿದ್ದ: “ಹಾಸ್ಟೆಲ್ ರೂಮಿನ ವಿಳಾಸ ಕೊಟ್ರೆ ನಿಮಗೆ ಮದುವೆ ಆಗಿದೆ ಅಂತ ಯಾರು ನಂಬ್ತಾರೆ? ಒಂದು ಮನೆ ಅಂತ ಮಾಡಿ ಸಾರ್. ವಿಚಾರಣೆಗೆ ಬಂದವರಿಗೆ ಸಂಸಾರದ ಕಳೆ ಕಾಣಿಸ್ಬೇಕು.”

ಹೀಗೆ ಹೆಂಡತಿಯ ಬಳಿ ಹೋಗಲು ಮನೆ ಬೇಕಾಗಿ, ಮನೆ ಸಿಗಲು ಹೆಂಡತಿ ಬೇಕಾಗಿ, ನಮ್ಮ ಕರ್ಟನ್ ಮಧ್ಯದಲ್ಲಿ ಸಿಕ್ಕಿಕೊಂಡ.

ಮನೆಗೆ ಬಂದ ಮೊದಲ ದಿನವೇ ಅವನು ಅಡುಗೆಮನೆಯ ಶೆಲ್ಫಿನಲ್ಲಿ, ಸಕ್ಕರೆ ಡಬ್ಬಕ್ಕೆ ಒರಗಿಸಿ, ಒಂದು ಹಳೆಯ ಫೋನು ಇಟ್ಟ. ಅದರ ಪಕ್ಕದಲ್ಲಿ, ಅದಕ್ಕೇ ಜೋಡಿಸಿದ, ಹಾಡು ಕೇಳುವ ದೊಡ್ಡ ಸ್ಪೀಕರ್ ಡಬ್ಬ. ಗಂಡಹೆಂಡಿರು ಅದರಲ್ಲಿ ಹಚ್ಚಿದ ವಿಡಿಯೋ ಕರೆಯನ್ನು ಕತ್ತರಿಸುತ್ತಲೇ ಇರಲಿಲ್ಲ. ಆಕೆ ಪಾಳಿ ಮುಗಿಸಿ ಮನೆಗೆ ಬಂದರೆ ಅಲ್ಲೊಂದು ಫೋನನ್ನು ಒಲೆಯ ಪಕ್ಕ ನಿಲ್ಲಿಸುತ್ತಿದ್ದಳು. ಅಲ್ಲಿ ಆಕೆ ತರಕಾರಿ ಹೆಚ್ಚುವುದು ಇಲ್ಲಿ ಕೇಳುತ್ತಿತ್ತು, ಇಲ್ಲಿ ಇವನು ಪಾತ್ರೆ ಬೀಳಿಸುವುದು ಅಲ್ಲಿ ಕೇಳುತ್ತಿತ್ತು. ಅವನು ಅಂಗಡಿಗೆ ಹೋದಾಗಲೂ ಅದನ್ನು ಆರಿಸುತ್ತಿರಲಿಲ್ಲ. ಸಂಜೆ ಬೀಗ ತೆಗೆದಾಗ “ಬಂದ್ರಾ?” ಎಂಬ ಒಂದು ದನಿ ಕೇಳಬೇಕು, ಅಷ್ಟೇ ಅವನ ಆಸೆ. ಅಷ್ಟು ಆಸೆಪಡುವುದು ತಪ್ಪೆಂದು ನಾನಂತೂ ಹೇಳಲಾರೆ.

ತಪ್ಪಾದದ್ದು ಓನರಮ್ಮ ಬಾಗಿಲು ತಟ್ಟಿದ ದಿನ. ನೀರಿನ ಪಂಪು ಕೆಟ್ಟಿದೆ ಎಂದು ಹೇಳಲು ಮಹಡಿ ಹತ್ತಿದ್ದರು. ಕರ್ಟನ್ ಅಂಗಡಿಯಲ್ಲಿದ್ದ.

“ಯಾರೂ?” ಎಂದಿತು ಒಳಗಿನಿಂದ ಹೆಣ್ಣುದನಿ.

“ನಾನಮ್ಮಾ, ಓನರು. ಬಾಗಿಲು ತೆಗಿ.”

“ಆಗಲ್ಲಮ್ಮಾ. ಕೈಯೆಲ್ಲಾ ಹಿಟ್ಟು.”

ಇದು ನೂರಕ್ಕೆ ನೂರು ನಿಜ. ಕೈಯೂ ಹಿಟ್ಟೂ ಸಮುದ್ರದಾಚೆ ಇದ್ದವು ಎಂಬುದು ಬೇರೆ ಮಾತು. ಹಿಟ್ಟು ಕಲಸುವಾಗ ಬಾಗಿಲು ತೆಗೆಯದವಳು ಅಚ್ಚುಕಟ್ಟಿನ ಹೆಂಗಸೇ ಇರಬೇಕು ಎಂದು ಓನರಮ್ಮನಿಗೆ ಬಹಳ ಸಂತೋಷವಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಪಂಪಿನ ವಿಷಯದಿಂದ ಮಾತು ಯಜಮಾನರ ಮಂಡಿನೋವಿಗೆ ಹೋಯಿತು. ಒಳಗಿದ್ದವಳು ನರ್ಸು ನೋಡಿ, ಯಾವ ಕಾಲು, ಹತ್ತುವಾಗಲೋ ಇಳಿಯುವಾಗಲೋ, ಊತ ಇದೆಯೋ ಎಂದೆಲ್ಲ ವಿಚಾರಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಂಡಿಯ ಬಗ್ಗೆ ಯಾರೂ ಇಷ್ಟು ಗೌರವದಿಂದ ಮಾತಾಡಿರಲಿಲ್ಲ.

ಮಾರನೆಯ ದಿನವೂ ಓನರಮ್ಮ ಹೋದರು. ಆಮೇಲೆ ದಿನಾ ಹೋದರು. ಒಳಗಿನವಳು ಪಾಪ, ನಿಜ ಹೇಳಲು ನೋಡಲಿಲ್ಲ ಎಂದಲ್ಲ. “ಅಮ್ಮಾ, ನಾನು ತುಂಬಾ ದೂರದಲ್ಲಿದ್ದೀನಿ” ಎಂದು ಒಮ್ಮೆ ಹೇಳಿಯೇಬಿಟ್ಟಳು. “ಗೊತ್ತಮ್ಮಾ, ಆ ಅಡುಗೆಮನೆ ಬಾಗಿಲಿಗೆ ದೂರಾನೇ. ನಮ್ಮ ಯಜಮಾನರ ಪ್ಲಾನು. ನೀನು ಕೂಗಿ ಮಾತಾಡು” ಎಂದರು ಓನರಮ್ಮ.

ಕರ್ಟನ್‌ಗೆ ಇದು ತಿಳಿದದ್ದು ಗೇಟಿನಲ್ಲಿ.

“ನಿನ್ನ ಹೆಂಡತಿ ಚಿನ್ನ ಕಣಪ್ಪಾ.”

ಕರ್ಟನ್ ಟೇಪು ಹಿಡಿದುಕೊಂಡ. “ಅಮ್ಮಾ, ನೀವು ಅವಳನ್ನ...”

“ಹಿಂದೆ ಇದ್ದವನು ಸಂಸಾರ ಇದೆ ಅಂತ ಸುಳ್ಳು ಹೇಳಿ ಸೇರ್ಕೊಂಡಿದ್ದ. ಗೊತ್ತಾದ ದಿನಾನೇ ಅವನ ಹಾಸಿಗೆ ಬೀದಿಗೆ ಎಸೆದೆ. ನೀನೇನೋ ಹೇಳ್ತಿದ್ದೆ?”

“ಚಿನ್ನಾನೇ ಅಮ್ಮ” ಎಂದು ಕರ್ಟನ್ ಮೆಟ್ಟಿಲು ಹತ್ತಿದ.

ಅಂದಿನಿಂದ ಮೇಲಿನ ಮನೆಯಲ್ಲಿ ದಿನವೂ ಒಂದೇ ಜಗಳ. “ಹೇಳಿದ್ರಾ?” ಎಂದು ಆಕೆ. “ನಾಳೆ ಹೇಳ್ತೀನಿ” ಎಂದು ಇವನು. “ನಿನ್ನೆನೂ ನಾಳೆ ಅಂದ್ರಿ” ಎಂದು ಆಕೆ. ಕೊನೆಗೆ, ವೀಸಾ ಬಂದಮೇಲೆ ಒಟ್ಟಿಗೇ ಹೇಳಿ ಕಾಲಿಗೆ ಬಿದ್ದು ಹೋಗಿಬಿಡೋಣ ಎಂದು ಅವನು ತೀರ್ಮಾನಿಸಿದ. ಕೆಳಗಿನ ಮನೆಯಲ್ಲಿದ್ದ ನನಗೂ ನನ್ನ ಹೆಂಡತಿಗೂ ಜಗಳದ ಶಬ್ದ ಮಾತ್ರ ಕೇಳುತ್ತಿತ್ತು, ಅರ್ಥ ಕೇಳುತ್ತಿರಲಿಲ್ಲ. ಅನ್ಯೋನ್ಯ ದಾಂಪತ್ಯ ಎಂದುಕೊಂಡೆವು.

ನಾನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಇಲ್ಲಿ ನಡುಮಧ್ಯಾಹ್ನ ಸುಡುತ್ತಿರುವಾಗ ಮೇಲಿನ ಮನೆಯ ಹೆಂಗಸು “ಏನು ಚಳಿ, ಇನ್ನೂ ಬೆಳಕೇ ಹರಿದಿಲ್ಲ” ಎಂದು ಗೊಣಗುವುದನ್ನು ನಾನು ಮೆಟ್ಟಿಲ ಬುಡದಲ್ಲಿ ನಿಂತಾಗ ಎಷ್ಟೋ ಸಲ ಕೇಳಿದ್ದೇನೆ. ಭೂಮಿ ತಿರುಗುವುದನ್ನು ಮಕ್ಕಳಿಗೆ ಕಿತ್ತಳೆಹಣ್ಣು ತಿರುಗಿಸಿ ತೋರಿಸುವ ನಾನು, ಕರ್ಟನ್ ಬಹಳ ದಪ್ಪದ ಬಟ್ಟೆ ಹಾಕಿದ್ದಾನೆ ಎಂದುಕೊಂಡು ಸುಮ್ಮನಾದೆ.

ಆಕೆ ಆಸ್ಪತ್ರೆಗೆ ಹೋದಾಗ ಮನೆ ಮೌನ. ಹೊರಗೆ ಬರುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ, ಯಾವಾಗಲೂ ಸುಸ್ತು. ಇದನ್ನೆಲ್ಲ ಕೂಡಿಸಿ ನನ್ನ ಹೆಂಡತಿ ಒಂದು ದಿನ ನಗುತ್ತಾ “ವಿಶೇಷ ಇರಬೇಕು ರೀ” ಎಂದಳು. ಸಂಜೆಯೊಳಗೆ ಅದು ಎದುರಿನ ಇಸ್ತ್ರಿ ಅಂಗಡಿಯವರಿಗೆ ತಲುಪಿತು. ಅವರಿಂದ ಬಟ್ಟೆಯ ಗಂಟಿನ ಜೊತೆಗೆ ಮನೆಮನೆಗೂ ಹೋಯಿತು. ಹಾಗೆ ಕರ್ಟನ್ ತನಗೆ ತಿಳಿಯದಂತೆಯೇ ತಂದೆಯಾಗುವ ಹಂತಕ್ಕೆ ಬಂದ.

ಇಂಥ ಸುಸಮಯದಲ್ಲಿ ವೀಸಾ ಕಚೇರಿಯವರು ವಿಚಾರಣೆಗೆ ಬಂದರು.

ಬಂದದ್ದು ಒಬ್ಬರೇ. ಕೈಯಲ್ಲಿ ಚೀಲ, ಮುಖದಲ್ಲಿ ನಗುವಿನ ಸುಳಿವಿಲ್ಲ. ಶಾಲೆಗೆ ರಜೆಯಿದ್ದುದರಿಂದ ನಾನು ಗೇಟಿನಲ್ಲೇ ಇದ್ದೆ. ಮೇಲಿನ ಮನೆಯವರ ಬಗ್ಗೆ ಕೇಳಬೇಕು, ವೀಸಾ ವಿಚಾರ ಎಂದರು. ಕರ್ಟನ್ ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೋ ಹೊರಟಿರಬೇಕು, ಒಳ್ಳೆಯ ಮಾತು ಹೇಳಿ ಉಪಕಾರ ಮಾಡೋಣ ಎಂದು ನನಗೆ ಹುರುಪು ಬಂತು. ಉಪಕಾರ ಮಾಡುವ ಹುರುಪು ಬಂದಾಗ ಮನುಷ್ಯನನ್ನು ಹಿಡಿದು ಕಟ್ಟಿಹಾಕಬೇಕು.

“ಅವರಿಗೆ ಮದುವೆ ಆಗಿರೋದು ನಿಮಗೆ ಗೊತ್ತಾ?”

“ಗೊತ್ತಾ ಅಂದ್ರೇನು ಸಾರ್! ಗಂಡ ಹೆಂಡತಿ ಒಂದು ದಿನ ಬಿಟ್ಟಿರಲ್ಲ. ಇಲ್ಲೇ ಮೇಲೆ ಇದ್ದಾರೆ.”

ಅಧಿಕಾರಿಯ ಪೆನ್ನು ನಿಂತಿತು. “ಹೆಂಡತಿ ಇಲ್ಲಿದ್ದಾರಾ? ನೀವು ನೋಡಿದ್ದೀರಾ?”

ಇಷ್ಟು ಕಾಲ ಮೇಲಿನ ಮನೆಯವಳನ್ನು ನೋಡಿಯೇ ಇಲ್ಲ ಎಂದರೆ ನೆರೆಯವನಾಗಿ ನನ್ನ ಮರ್ಯಾದೆ ಏನಾದೀತು? “ದಿನಾ ನೋಡ್ತೀನಿ. ಎತ್ತರದ ಆಳು” ಎಂದೆ.

ಅಷ್ಟರಲ್ಲಿ ನನ್ನ ಹೆಂಡತಿ ಹೊರಗೆ ಬಂದಳು. “ಎತ್ತರ ಎಲ್ಲಿ ರೀ? ಕುಳ್ಳಗಿದ್ದಾಳೆ. ದುಂಡು ಮುಖ. ಈಗಂತೂ ತುಂಬಿದ ಬಸುರಿ, ಇನ್ನೂ ದುಂಡಗಾಗಿರ್ತಾಳೆ.”

ಇಸ್ತ್ರಿ ಅಂಗಡಿಯವರು ಕರೆಯದೆಯೇ ರಸ್ತೆ ದಾಟಿ ಬಂದರು. “ಇಬ್ಬರೂ ತಪ್ಪು. ಸಣಕಲು ಹೆಣ್ಣುಮಗಳು, ಗಾಳಿ ಬಂದ್ರೆ ಹಾರಿಹೋಗ್ತಾಳೆ. ಬಟ್ಟೆ ಇಸ್ತ್ರಿ ಮಾಡೋನು ನಾನು ಸ್ವಾಮಿ, ನನಗೆ ಗೊತ್ತಿಲ್ವಾ?”

ಅಧಿಕಾರಿ ನಿಧಾನವಾಗಿ ಬರೆದುಕೊಂಡರು. ಅವರ ಲೆಕ್ಕದಲ್ಲಿ ಮೇಲಿನ ಮನೆಯಲ್ಲಿ ಎತ್ತರದವಳೊಬ್ಬಳು, ಕುಳ್ಳಿ ಬಸುರಿಯೊಬ್ಬಳು, ಸಣಕಲಿಯೊಬ್ಬಳು. ಇವರಲ್ಲದೆ ಅರ್ಜಿಯಲ್ಲಿರುವ ಹೆಂಡತಿ ದೂರದೇಶದಲ್ಲಿ. “ಇವರು ಯಾರ ಹತ್ತಿರ ಹೋಗೋಕೆ ವೀಸಾ ಕೇಳ್ತಿದ್ದಾರೆ ಗೊತ್ತಾ?” ಎಂದರು. “ತಮ್ಮ ಹೆಂಡತಿ ಹೊರದೇಶದಲ್ಲಿ ನರ್ಸು ಅಂತ ಬರೆದಿದ್ದಾರೆ.”

ನನ್ನ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. ಇಸ್ತ್ರಿ ಅಂಗಡಿಯವರು ಅಂಗಡಿಯಲ್ಲಿ ಏನೋ ಸುಡುತ್ತಿದೆ ಎಂದರು, ಆದರೆ ಹೋಗಲಿಲ್ಲ. ಗಲಾಟೆ ಕೇಳಿ ಬಂದ ಓನರಮ್ಮ ಮಾತ್ರ ಹೆದರಲಿಲ್ಲ.

“ಇನ್ನೊಬ್ಬಳಾ? ಸಾಧ್ಯವೇ ಇಲ್ಲ! ಆ ಮಗು ದಿನಾ ನನ್ನ ಹತ್ತಿರ ಮಾತಾಡುತ್ತೆ. ಬನ್ನಿ ಮೇಲೆ, ತೋರಿಸ್ತೀನಿ!”

ಮೆರವಣಿಗೆ ಮಹಡಿ ಹತ್ತಿತು. ಓನರಮ್ಮ ಬಾಗಿಲು ಬಡಿದರು. “ಅಮ್ಮಾ, ಒಂದು ಸಲ ಹೊರಗೆ ಬಾರಮ್ಮ. ಯಾರೋ ನಿನ್ನ ನೋಡ್ಬೇಕಂತೆ.”

“ಬರೋ ಹಾಗಿದ್ರೆ ಯಾವತ್ತೋ ಬರ್ತಿದ್ದೆನಮ್ಮಾ” ಎಂದಿತು ದನಿ.

ಅಧಿಕಾರಿ ಬಾಗಿಲಿಗೆ ತೂಗುತ್ತಿದ್ದ ಬೀಗ ನೋಡಿದರು. ಹೊರಗಿನಿಂದ ಹಾಕಿದ ಬೀಗ. ದಿನಾ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದ ಓನರಮ್ಮನೂ ನಾವೂ ಅದನ್ನು ಆಗಲೇ ಮೊದಲ ಸಲ ನೋಡಿದೆವು. “ಬಸುರಿ ಹೆಂಗಸನ್ನ ಕೂಡಿಹಾಕಿದ್ದಾರಾ?” ಎಂದು ಅವರು ಕೂಗಿದಾಗ ಅವರ ದನಿಯೇ ಅವರಿಗೆ ಕೇಳಿ ಗಾಬರಿಯಾಯಿತು.

ಆ ಕ್ಷಣಕ್ಕೆ ಸರಿಯಾಗಿ ಕರ್ಟನ್ ಕೆಳಗಿನಿಂದ ಓಡಿಬಂದ. ಇಸ್ತ್ರಿ ಅಂಗಡಿಯವರು ಫೋನು ಮಾಡಿದ್ದರಂತೆ. ಯಾರದೋ ಮನೆಯ ಕಿಟಕಿಗೆ ಅರ್ಧ ಪರದೆ ತೂಗುಹಾಕಿ ಹಾಗೇ ಬಂದಿದ್ದ. ಹೆಗಲ ಮೇಲೆ ಇನ್ನರ್ಧ ಪರದೆ ಇತ್ತು.

“ಬಾಗಿಲು ತೆಗೀರಿ” ಎಂದರು ಅಧಿಕಾರಿ.

“ತೆಗಿಯಪ್ಪಾ, ನಿನ್ನ ಮರ್ಯಾದೆ ಉಳಿಸ್ಕೋ” ಎಂದರು ಓನರಮ್ಮ.

ಕರ್ಟನ್ ಬೀಗದ ಕೈ ಹಿಡಿದು ನಿಂತ. ಬಾಗಿಲು ತೆಗೆದರೆ ಮನೆ ಹೋಯಿತು, ತೆಗೆಯದಿದ್ದರೆ ವೀಸಾ ಹೋಯಿತು. ಒಳಗಿನಿಂದ ದನಿ ಬಂತು: “ತೆಗೀರಿ. ಸಾಕು ಈ ನಾಟಕ.”

ಅವನು ಬೀಗ ತೆಗೆದ.

ಒಳಗೆ ಯಾರೂ ಇರಲಿಲ್ಲ. ಎತ್ತರದವಳಿಲ್ಲ, ಕುಳ್ಳಿಯಿಲ್ಲ, ಸಣಕಲಿಯಿಲ್ಲ. ಚೊಕ್ಕಟವಾದ ಮನೆ, ಒಂದು ಕುರ್ಚಿ, ಅಡುಗೆಮನೆಯ ಶೆಲ್ಫಿನಲ್ಲಿ ಸಕ್ಕರೆ ಡಬ್ಬಕ್ಕೆ ಒರಗಿದ ಫೋನು. ಅದರಲ್ಲಿ ಅಂಗೈಯಷ್ಟು ಮುಖ. ಆಸ್ಪತ್ರೆಯ ಸಮವಸ್ತ್ರ ಬಿಚ್ಚದೆ ಕುಳಿತಿದ್ದ ಹೆಂಗಸು ಕೈಮುಗಿದಳು.

ಓನರಮ್ಮ ಆ ಸ್ಪೀಕರ್ ಡಬ್ಬದ ಮುಂದೆ, ಹಿಂದೆ, ಪಕ್ಕದಲ್ಲಿ ನೋಡಿದರು. “ಇಷ್ಟು ದಿನ ನಾನು ಈ ಡಬ್ಬದ ಜೊತೆ ಮಾತಾಡ್ತಿದ್ದೆನಾ?”

“ಡಬ್ಬದ ಜೊತೆ ಅಲ್ಲಮ್ಮಾ” ಎಂದಳು ಆಕೆ. “ನನ್ನ ಜೊತೆ.”

ಅಧಿಕಾರಿ ಗಂಟಲು ಸರಿಮಾಡಿಕೊಂಡು ಕರ್ಟನ್ ಕಡೆ ತಿರುಗಿದರು. ಮದುವೆ ನಿಜವೋ ತೋರಿಕೆಯದೋ ಎಂದು ಖಚಿತಪಡಿಸಿಕೊಳ್ಳಲು ಕೆಲವು ಪ್ರಶ್ನೆ ಕೇಳಲೇಬೇಕಂತೆ.

“ನಿಮ್ಮ ಪತ್ನಿಯ ಪಾಳಿ ಈ ವಾರ ಯಾವುದು?”

“ಅದು... ಹಗಲು... ಅಲ್ಲ, ಅಲ್ಲಿ ರಾತ್ರಿ ಅಂದ್ರೆ ಇಲ್ಲಿ...”

“ರಾತ್ರಿ ಪಾಳಿ” ಎಂದರು ಓನರಮ್ಮ, ಕೋಪದಲ್ಲಿಯೇ.

“ಅವರಿಗೆ ಯಾವ ಔಷಧ ಒಗ್ಗಲ್ಲ?”

ಕರ್ಟನ್ ಟೇಪು ಸುತ್ತತೊಡಗಿದ.

“ಔಷಧ ಎಲ್ಲಾ ಒಗ್ಗುತ್ತೆ. ಕಡಲೆಬೀಜ ಒಗ್ಗಲ್ಲ. ತಿಂದ್ರೆ ತುಟಿ ಊದುತ್ತೆ.” ಇದೂ ಓನರಮ್ಮನೇ.

“ಅಮ್ಮಾ, ಮದುವೆ ಆಗಿರೋದು ಇವರಾ ನೀವಾ?”

“ಇವನಿಗೆ ಏನು ಗೊತ್ತಿದೆ ಅಂತ ಇವನನ್ನ ಕೇಳ್ತೀರಿ? ಸುಳ್ಳು ಹೇಳೋದು ಬಿಟ್ಟು!”

ಅಧಿಕಾರಿ ಹಾಳೆ ತಿರುಗಿಸಿದರು. “ಕೊನೇದು. ಇಲ್ಲಿಯವರು ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ. ನಿಮ್ಮ ಪತ್ನಿ ಎತ್ತರ ಎಷ್ಟು?”

ಊರಿನ ಕಿಟಕಿಗಳನ್ನೆಲ್ಲ ಕಣ್ಣಲ್ಲೇ ಅಳೆಯುವವನು ಫೋನಿನ ಕಡೆ ನೋಡಿದ, ನಮ್ಮ ಕಡೆ ನೋಡಿದ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದ. ಅಲ್ಲ ಎನ್ನಿಸಿ ಭುಜದ ಮಟ್ಟಕ್ಕೆ ಏರಿಸಿದ. ಮತ್ತೆ ಇಳಿಸಿದ.

“ಮರ್ತುಹೋಗಿದೆ ಸಾರ್” ಎಂದ. “ಮೊದಲು ಗೊತ್ತಿತ್ತು. ಪಕ್ಕ ನಿಂತ್ರೆ ಎಲ್ಲೀವರೆಗೆ ಬರ್ತಾಳೆ ಅಂತ ಮೈಗೇ ಗೊತ್ತಿತ್ತು. ಈಗ ದಿನಾ ನೋಡೋದು ಇಷ್ಟೇ ಅಲ್ವಾ” ಎಂದು ಫೋನಿನ ಮೇಲೆ ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದ. ಅವನಿಗೆ ಅಳು ಬಂತು. ಹೆಗಲ ಮೇಲಿದ್ದ ಗಿರಾಕಿಯ ಪರದೆಯಲ್ಲೇ ಮುಖ ಒರೆಸಿಕೊಂಡ.

ಇಸ್ತ್ರಿ ಅಂಗಡಿಯವರು ಆ ಪರದೆಯ ಬಟ್ಟೆಗೆ ಕಲೆಯಾಗುತ್ತದೆಂದು ಪಿಸುಗುಟ್ಟಿದರು.

“ರೀ” ಎಂದಳು ಆಕೆ ಫೋನಿನೊಳಗಿಂದ. “ಅಳ್ಬೇಡಿ. ಬೆಳಿಗ್ಗೆ ಇಟ್ಟ ಹಾಲು ಫ್ರಿಜ್ಜಿಗೆ ಹಾಕಿದ್ರಾ?”

“ಇಲ್ಲ.”

“ನಾನು ಇಲ್ಲಿಂದ ಬಂದು ಹಾಕ್ಲಾ? ಹೇಳಿ ಹೇಳಿ ಸಾಕಾಯ್ತು ನನಗೆ. ಮೊನ್ನೆನೂ ಒಡೆದುಹೋಯ್ತು, ನೀವು ಅದನ್ನೇ ಕುಡಿದ್ರಿ!”

ಅಧಿಕಾರಿ ಪುಸ್ತಕ ಮುಚ್ಚಿದರು. ಮೊದಲ ಸಲ ಅವರ ಮುಖದಲ್ಲಿ ಏನೋ ಅಲುಗಾಡಿತು. “ತೀರ್ಮಾನ ನನ್ನದಲ್ಲ, ಮೇಲಿನವರದ್ದು. ಆದ್ರೆ ನಾನು ನೋಡಿದ್ದನ್ನ ಬರೀತೀನಿ” ಎಂದರು. ಮೆಟ್ಟಿಲು ಇಳಿಯುವಾಗ ನನ್ನತ್ತ ತಿರುಗಿ “ಎತ್ತರದ ಆಳು!” ಎಂದರು. ಭೂಗೋಳದ ಮೇಷ್ಟ್ರಿಗೆ ಇಷ್ಟು ಸಣ್ಣ ದನಿಯಲ್ಲಿ ಇಷ್ಟು ದೊಡ್ಡ ಅವಮಾನ ಯಾರೂ ಮಾಡಿರಲಿಲ್ಲ.

ಓನರಮ್ಮ ಅಂದು ಹೇಳಿದ್ದು ಒಂದೇ ಮಾತು. “ನಾಳೆ ಬೆಳಿಗ್ಗೆ ಮನೆ ಖಾಲಿ ಆಗ್ಬೇಕು.”

ಬೆಳಗಾಯಿತು. ಕರ್ಟನ್ ಹಾಸಿಗೆ ಸುತ್ತಿಟ್ಟು, ಗಿರಾಕಿಯ ಪರದೆ ಒಗೆದು ಒಣಗಹಾಕಿ, ಆ ಇನ್ನರ್ಧ ಕಿಟಕಿಯವರ ಕ್ಷಮೆ ಕೇಳಲು ಹೋಗಿದ್ದ. ಓನರಮ್ಮ ಬೀಗದ ಕೈ ವಸೂಲು ಮಾಡಲು ಸಿಟ್ಟಿನಿಂದಲೇ ಮಹಡಿ ಹತ್ತಿದರು. ಸಿಟ್ಟಿನಿಂದಲೇ ಬಾಗಿಲು ಬಡಿದರು.

“ಯಾರೂ?”

“ನಾನೇ ಕಣಮ್ಮ” ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು.

“ಅಮ್ಮಾ, ಯಜಮಾನರ ಮಂಡಿ ಹೇಗಿದೆ?”

ಓನರಮ್ಮ ಮೆಟ್ಟಿಲ ಮೇಲೆ ಕುಳಿತರು. ಮಧ್ಯಾಹ್ನದ ಊಟಕ್ಕೆ ಯಜಮಾನರು ಕೆಳಗಿನಿಂದ ಮೂರು ಸಲ ಕೂಗಿದ ಮೇಲೆಯೇ ಎದ್ದದ್ದು. ಮನೆ ಖಾಲಿ ಮಾಡುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಮಾರನೆಯ ದಿನದಿಂದ ಓನರಮ್ಮನ ಬಳಿ ಇನ್ನೊಂದು ಬೀಗದ ಕೈ ಇತ್ತು. ಹೊರಗೆ ಕೂರುವ ಬದಲು ಒಳಗೇ ಹೋಗಿ, ಆ ಒಂದೇ ಕುರ್ಚಿಯಲ್ಲಿ ಕುಳಿತು ಮಾತಾಡುತ್ತಿದ್ದರು. ಹಾಲನ್ನೂ ಫ್ರಿಜ್ಜಿಗೆ ಹಾಕುತ್ತಿದ್ದರು.

ವೀಸಾ ಕೊನೆಗೂ ಬಂತು. ಬಂದ ದಿನ ಕರ್ಟನ್ ಮೆಟ್ಟಿಲುಗಳ ಮೇಲೆ ಕುಣಿದಾಡಿದ. ನನ್ನ ಹೆಂಡತಿ, ಇಸ್ತ್ರಿ ಅಂಗಡಿಯವರು, ನಾನು, ಎಲ್ಲರೂ ಇದು ನಮ್ಮ ಸಾಕ್ಷಿಯಿಂದಲೇ ಬಂದದ್ದು ಎಂದು ಅವನಿಗೆ ಬಿಡಿಸಿ ಹೇಳಿದೆವು. ಅವನು ಎಲ್ಲರಿಗೂ ಬೇರೆಬೇರೆಯಾಗಿ ಒಪ್ಪಿಕೊಂಡ.

ಹೊರಡುವ ದಿನ ಗಂಟು ಕಟ್ಟುವಾಗ ಓನರಮ್ಮ ಬಾಗಿಲಲ್ಲಿ ನಿಂತಿದ್ದರು. ಅವನು ಹಾಸಿಗೆ ಕಟ್ಟಿದ, ಪಾತ್ರೆ ಕಟ್ಟಿದ. ಕೊನೆಗೆ ಸ್ಪೀಕರ್ ಡಬ್ಬದ ವೈರಿಗೆ ಕೈ ಹಾಕಿದ.

“ಅದನ್ನ ಯಾಕೆ ಕೀಳ್ತೀಯ?”

“ಹೊರಟೆನಲ್ಲಮ್ಮಾ.”

“ನೀನು ಹೊರಡಪ್ಪಾ, ಯಾರು ಬೇಡ ಅಂದ್ರು? ಅವಳನ್ನ ಯಾಕೆ ಕರ್ಕೊಂಡು ಹೋಗ್ತೀಯ?”

ಕರ್ಟನ್ ವೈರು ಬಿಟ್ಟ, ಹಳೆಯ ಫೋನನ್ನೂ ಅಲ್ಲೇ ಬಿಟ್ಟ. ಅವರ ಕಾಲು ಮುಟ್ಟಲು ಬಗ್ಗಿದ. ಓನರಮ್ಮ ಕಿಟಕಿಯ ಪರದೆ ಸರಿಮಾಡುವವರಂತೆ ಅತ್ತ ತಿರುಗಿಕೊಂಡರು.

ಅವನು ಹೋದಮೇಲೆ ಯಜಮಾನರು ಮಾಳಿಗೆಯಿಂದ ಹಳೆಯ ಬೋರ್ಡು ಹುಡುಕಿ ತೆಗೆದು ಧೂಳು ಒರೆಸಿದರು. “ಗೇಟಿಗೆ ಹಾಕ್ಲಾ?”

“ಒಳಗೆ ಜನ ಇರುವಾಗ ಬೋರ್ಡ್ ಯಾಕ್ರೀ?”

ಯಜಮಾನರು ಮಂಡಿ ಹಿಡಿದುಕೊಂಡು ಬೋರ್ಡನ್ನು ಮತ್ತೆ ಮಾಳಿಗೆಗೆ ಹೊತ್ತರು.

ಎರಡು ದಿನವಾದ ಮೇಲೆ ಓನರಮ್ಮ ನನ್ನನ್ನೂ ನನ್ನ ಹೆಂಡತಿಯನ್ನೂ ಕೂಗಿ ಮೇಲಕ್ಕೆ ಕರೆದರು. ಖಾಲಿ ಮನೆಯಲ್ಲಿ ಕುರ್ಚಿ, ಶೆಲ್ಫು, ಫೋನು, ಡಬ್ಬ. ಡಬ್ಬದೊಳಗೆ ಎಲ್ಲೋ ಬಾಗಿಲು ತೆಗೆದ ಸದ್ದು. ಪೆಟ್ಟಿಗೆ ಉರುಳಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನನ್ನ ಹೆಂಡತಿ ಅತ್ತ ತಿರುಗಿಕೊಂಡಳು, ನಾನೂ ತಿರುಗಿಕೊಂಡೆ.

“ಏನ್ರೀ ಇದು, ಬಂದ ತಕ್ಷಣ ಟೇಪ್ ತೆಗೆದ್ರಾ?” ಎಂಬ ಹೆಣ್ಣುದನಿ ಕೇಳಿತು.

“ಅಲ್ಲಾಡ್ಬೇಡ. ಗೋಡೆಗೆ ಒರಗಿ ನೆಟ್ಟಗೆ ನಿಂತ್ಕೋ.”

“ಚಪ್ಪಲಿನಾದ್ರೂ ಬಿಡ್ರೀ ಮೊದಲು! ನೆಲ ಎಲ್ಲಾ ಕೊಳೆ!”

“ಮೊದಲು ತಲೆ ನೆಟ್ಟಗೆ ಮಾಡು. ಎಲ್ಲಿ... ಅಯ್ಯೋ, ಗೋಡೆಗೆ ಗೀರು ಬಿತ್ತು.”

“ಬಾಡಿಗೆ ಮನೆ ರೀ ಇದು!”

ಜಗಳ ಜೋರಾಯಿತು. ನಡುವೆ ಯಾರೋ ಒಬ್ಬರು ನಗುತ್ತಿದ್ದರು, ಇನ್ನೊಬ್ಬರು ಅಳುತ್ತಿದ್ದರು. ಯಾರು ಯಾವುದು ಎಂದು ತಿಳಿಯಲಿಲ್ಲ. ಓನರಮ್ಮ ಕಣ್ಣೊರೆಸಿಕೊಂಡು, ಡಬ್ಬದ ಮೇಲಿನ ಧೂಳನ್ನೂ ಅದೇ ಕೈಯಿಂದ ಒರೆಸಿ, ನಮ್ಮತ್ತ ಹೆಮ್ಮೆಯಿಂದ ನೋಡಿದರು.

“ಕೇಳಿಸ್ಕೊಂಡ್ರಾ ಮೇಷ್ಟ್ರೇ? ಮನೆ ಅಂದ್ರೆ ಹೀಗಿರ್ಬೇಕು. ಅದಕ್ಕೇ ನಾನು ಸಂಸಾರಸ್ಥರಿಗೆ ಮಾತ್ರ ಕೊಡೋದು.”